ಬೀದರ ವಿಮಾನ ಸಾಹೇಬರಿಗೊಂದು ಬಹಿರಂಗ ಪತ್ರ

ಶ್ರೀಮಾನ್ ವಿಮಾನ ಸಾಹೇಬರ ಸನ್ನಿಧಿಗೆ,

ಹುಟ್ಟಿದ್ದು ಭಾಲ್ಕಿ ತಾಲ್ಲೂಕು, ಹೆಣ್ಣು ತಂದದ್ದು ಔರಾದ ತಾಲ್ಲೂಕು, ಹೊಟ್ಟೆ ಹೊರೆಯುತ್ತಿರುವುದು ದುಬೈ. ಇಂಥ ಮೂರು ವಿಳಾಸದ ಅಭಿಮಾನಿಯೊಬ್ಬನ ಶರಣು ಶರಣಾರ್ಥಿ.

ಈ ಪತ್ರವನ್ನು ಯಾರ ಹೆಸರಿಗೆ ಬರೆಯಬೇಕೆಂದು ಬಹಳ ಯೋಚಿಸಿದೆ. ಕಂಪನಿಗೆ ಬರೆದರೆ, ನಿಮ್ಮ ಅಭಿಪ್ರಾಯ ನಮಗೆ ಅಮೂಲ್ಯ ಎಂದು ಯಂತ್ರವೊಂದು ಉತ್ತರ ಕಳಿಸುತ್ತದೆ. ರಾಜ್ಯ ಸರ್ಕಾರಕ್ಕೆ ಬರೆದರೆ ಆಕಾಶ ಕೇಂದ್ರದ್ದು ಎನ್ನುತ್ತಾರೆ. ಕೇಂದ್ರಕ್ಕೆ ಬರೆದರೆ ನಷ್ಟ ರಾಜ್ಯದ್ದು ಎನ್ನುತ್ತಾರೆ. ಬೀದರಿನಲ್ಲಿ ಸ್ವಾಗತ ಮಾಡಿಸಿಕೊಂಡವರು ಮಾತ್ರ ತಾವೇ. ಆದ್ದರಿಂದ ತಮಗೇ ಬರೆಯುವುದು ನ್ಯಾಯ ಅನಿಸಿತು.

ಮೊದಲೇ ಒಂದು ವಿಷಯ ಅರಿಕೆ ಮಾಡಿಕೊಳ್ಳುತ್ತೇನೆ. ತಾವು ಬಂದಾಗಲೆಲ್ಲ ನಮ್ಮ ಜಿಲ್ಲೆ ನಡೆದುಕೊಂಡ ರೀತಿ ನೋಡಿ, ತಾವು ವಾಹನವಲ್ಲ, ಸಿನಿಮಾ ಹೀರೋ ಎಂದು ನನಗೆ ಖಾತ್ರಿಯಾಗಿದೆ. ವಾಹನವಾಗಿದ್ದರೆ ಟೈಮ್ ಎಷ್ಟು, ನಾಳೆ ಅದೆಯೋ ಇಲ್ಲವೋ ಎಂದು ಕೇಳುತ್ತಿದ್ದೆವು. ಹೀರೋಗೆ ಹಾಗೆಲ್ಲ ಕೇಳುವ ಪದ್ಧತಿ ಇಲ್ಲ. ಬಂದರಲ್ಲ, ಅದೇ ದೊಡ್ಡದು.

ತಮ್ಮ ಮೊದಲ ಚಿತ್ರ ಬಿಡುಗಡೆಯಾದದ್ದು 2020ರ ಫೆಬ್ರುವರಿ 7ಕ್ಕೆ. ಮುಖ್ಯಮಂತ್ರಿ ಯಡಿಯೂರಪ್ಪನವರು ಖುದ್ದು ಬಂದಿದ್ದರು. ಉಡಾನ್ ಯೋಜನೆಯಡಿ ಟ್ರೂಜೆಟ್‌ನ ಎಟಿಆರ್ ವಿಮಾನವಾಗಿ ತಾವು ಬೆಂಗಳೂರಿಗೂ ಬೀದರಿಗೂ ನಡುವಿನ ಸುಮಾರು 700 ಕಿಲೋಮೀಟರನ್ನು ಒಂದು ಊಟದ ಹೊತ್ತಿಗೆ ಇಳಿಸಿದಿರಿ. ಏಳು ವಾರ ತುಂಬುವ ಮೊದಲೇ ಕೊರೊನಾ ಬಂತು, ದೇಶದ ವಿಮಾನಗಳೆಲ್ಲ ನೆಲ ಹಿಡಿದವು. ಅದಕ್ಕೆ ತಮ್ಮನ್ನು ದೂರುವಷ್ಟು ಕೃತಘ್ನ ನಾನಲ್ಲ. ಆಮೇಲೆ ಎದ್ದಿರಿ, ಬಿದ್ದಿರಿ. 2022ರ ಆರಂಭಕ್ಕೆ ಆ ಕಂಪನಿಯೇ ರೆಕ್ಕೆ ಮಡಚಿತು. ಅದೇ ವರ್ಷ ಜೂನ್ 15ಕ್ಕೆ ಸ್ಟಾರ್ ಏರ್ ಬ್ಯಾನರಿನಲ್ಲಿ ತಮ್ಮ ಎರಡನೇ ಚಿತ್ರ. 2023 ಮುಗಿಯುವಷ್ಟರಲ್ಲಿ ಅದೂ ಥಿಯೇಟರಿನಿಂದ ಹೊರಗೆ. ಮತ್ತೆ 2025ರ ಏಪ್ರಿಲ್ 17ಕ್ಕೆ ಅದೇ ಬ್ಯಾನರಿನಲ್ಲಿ ಮರುಬಿಡುಗಡೆ. ಈ ಸಲ ನಷ್ಟದ ಹೊರೆಗೆ ರಾಜ್ಯ ಸರ್ಕಾರವೇ ಹೆಗಲು ಕೊಡುವುದೆಂದಾಯಿತು. ಕಾಲ್‌ಶೀಟ್ ಕೊಡುವ ಮುಂಚೆ ಅಡ್ವಾನ್ಸ್ ಕೇಳುವುದು ದೊಡ್ಡವರ ಲಕ್ಷಣ, ತಪ್ಪಲ್ಲ.

ಐದು ವರ್ಷ ಚಿಲ್ಲರೆ ಅವಧಿಯಲ್ಲಿ ಒಂದೇ ದಾರಿಯ ಒಂದೇ ವಿಮಾನಕ್ಕೆ ಮೂರು ಮೊದಲ ದಿನ! ಎರಡನೇ ಸಲ ತಾವು ಬಂದಾಗ ನಮ್ಮ ಸಂಸದರೂ ಕೇಂದ್ರದ ಮಂತ್ರಿಗಳೂ ಆಗಿದ್ದವರು ಭಗವಂತ ಖೂಬಾ. ಮೂರನೇ ಸಲಕ್ಕೆ ಸಂಸದರು ಸಾಗರ ಖಂಡ್ರೆ. ಅವರ ತಂದೆ, ಭಾಲ್ಕಿಯ ಶಾಸಕ ಈಶ್ವರ ಖಂಡ್ರೆ ರಾಜ್ಯದ ಮಂತ್ರಿ, ಜಿಲ್ಲೆಯ ಉಸ್ತುವಾರಿ. ಪಕ್ಷ ಬದಲಾಯಿತು, ಸ್ವಾಗತ ಸಮಿತಿ ಬದಲಾಯಿತು, ತಮ್ಮ ಸ್ವಭಾವ ಮಾತ್ರ ಬದಲಾಗಲಿಲ್ಲ. ನಮ್ಮದೂ ಅಷ್ಟೇ ಎನ್ನಿ. ನಾವು ತಂದೆವು ಎನ್ನುವವರು ಎರಡೂ ಕಡೆ ಸಿಗುತ್ತಾರೆ, ನಾವು ನಡೆಸುತ್ತೇವೆ ಎನ್ನುವವರನ್ನು ಹುಡುಕಬೇಕು.

ತಮಗೂ ಮೊದಲಿನ ಕಥೆ ತಮಗೆ ಗೊತ್ತಿರಲಿಕ್ಕಿಲ್ಲ. ಹೈದರಾಬಾದಿನ ಶಂಷಾಬಾದ್ ನಿಲ್ದಾಣ 2008ರಲ್ಲಿ ಶುರುವಾಯಿತು. ಅದರ ಸುತ್ತ 150 ಕಿಲೋಮೀಟರಿನೊಳಗೆ ಇನ್ನೊಂದು ನಾಗರಿಕ ನಿಲ್ದಾಣ ಬೇಡ ಎಂಬ ಕರಾರು ಕಾಗದದಲ್ಲಿತ್ತು. ಆ ಗೆರೆಯೊಳಗೆ ಬೀದರ ಸಿಕ್ಕಿಬಿದ್ದಿತ್ತು. ಇಲ್ಲಿ ಟರ್ಮಿನಲ್ ಕಟ್ಟಡ ಎದ್ದು ನಿಂತ ಮೇಲೂ ವರ್ಷಗಟ್ಟಲೆ ಒಬ್ಬ ಪ್ರಯಾಣಿಕನೂ ಅದರೊಳಗೆ ಚೀಲ ಇಡಲಿಲ್ಲ. ನಮ್ಮ ಭಾಲ್ಕಿಯ ಹಿರೇಮಠದ ಚನ್ನಬಸವ ಪಟ್ಟದ್ದೇವರು ನಿಜಾಮರ ಕಾಲದಲ್ಲಿ ಹೊರಗೆ ಉರ್ದು ಬೋರ್ಡು ತೂಗುಹಾಕಿ ಒಳಗೆ ಕನ್ನಡ ಕಲಿಸಿದರು. ಬೋರ್ಡಿನ ಮೇಲೆ ಇಲ್ಲದ್ದು ಒಳಗೆ ಇತ್ತು. ಅವರದೇ ಜಿಲ್ಲೆಯಲ್ಲಿ ನಾವು ಹೊರಗೆ ವಿಮಾನ ನಿಲ್ದಾಣವೆಂದು ಬರೆದು, ಒಳಗೆ ಬೀಗ ಹಾಕಿ ತೋರಿಸಿದೆವು. 

ಹಾಗೆಂದು ನಮ್ಮ ಆಕಾಶ ಬಡವಾಗಿತ್ತೆಂದು ತಾವು ತಿಳಿಯಬಾರದು. ವಾಯುಪಡೆಯ ತರಬೇತಿ ಕೇಂದ್ರ ನಮ್ಮಲ್ಲಿ ದಶಕಗಳಿಂದ ಇದೆ. 1996ರಲ್ಲಿ ಸೂರ್ಯಕಿರಣ ತಂಡ ಹುಟ್ಟಿದ್ದೇ ಬೀದರಿನಲ್ಲಿ. ಒಂಬತ್ತು ವಿಮಾನ ಒಂದರ ಪಕ್ಕ ಒಂದು ರೆಕ್ಕೆ ತಾಗುವಂತೆ ಹಾರಿ, ಮಗುಚಿ, ಹೊಗೆಯಲ್ಲಿ ಗೆರೆ ಬರೆದು ಹೋಗುವುದನ್ನು ದೇಶದ ಬೇರೆ ಊರಿನವರು ವಿಶೇಷ ದಿನ ಕಾದು ನೋಡುತ್ತಾರೆ. ಬೀದರಿನ ಹುಡುಗರು ಅದರ ತಾಲೀಮನ್ನು ಪುಕ್ಕಟೆ ನೋಡಿ ಬೆಳೆದವರು. ಈಗಲೂ ಹಾಕ್ ತರಬೇತಿ ವಿಮಾನಗಳ ಸದ್ದಿಗೆ ಮೇಷ್ಟ್ರು ಪಾಠ ಅರ್ಧಕ್ಕೆ ನಿಲ್ಲಿಸಿ, ಸದ್ದು ದಾಟಿದ ಮೇಲೆ ಮುಂದುವರಿಸುತ್ತಾರೆ. ತಲೆಯ ಮೇಲೆ ಇಷ್ಟೊಂದು ವಿಮಾನ ಕಂಡ, ಒಂದನ್ನೂ ಹತ್ತದ ಜನ ಇನ್ನೊಂದು ಜಿಲ್ಲೆಯಲ್ಲಿ ಸಿಗುವುದು ಕಷ್ಟ. ನೋಡುವ ಅಭ್ಯಾಸ ನಮಗೆ ಮೊದಲಿನಿಂದಲೂ ಇದೆ, ತಮ್ಮನ್ನು ಕಂಡಾಗಲೂ ನೋಡಿದೆವು.

2024ರ ಜನವರಿಯ ಎಳ್ಳಮಾವಾಸ್ಯೆಗೆ ಬಂದಿದ್ದೆ. ದುಬೈಯಿಂದ ಹೈದರಾಬಾದು ನಾಲ್ಕು ತಾಸೂ ಇಲ್ಲ. ಅಲ್ಲಿಂದ ಊರು ಮುಟ್ಟುವ ದಾರಿ ಬೇರೆಯೇ ಪುರಾಣ: ಪಟಾಂಚೆರು, ಸಂಗಾರೆಡ್ಡಿ, ಜಹೀರಾಬಾದ್, ಬೀದರ, ಆಮೇಲೆ ಭಾಲ್ಕಿ. ಸಮುದ್ರ ದಾಟಿದ್ದಕ್ಕಿಂತ ಈ ದಾರಿ ಸವೆಸುವುದು ನಿಧಾನ. ಆ ದಿನ ನಿಲ್ದಾಣದಿಂದ ಹೊರಬೀಳುವ ಬಾಗಿಲಲ್ಲೇ ಸಿಕ್ಕಿಕೊಂಡೆ. ಯಾವುದೋ ಹೀರೋ ಬರುತ್ತಾರೆಂದು ಹುಡುಗರ ದಂಡು ನೆರೆದಿತ್ತು. ಟ್ರಾಲಿ ಹಿಡಿದ ಮುದುಕಿಯರು, ಕೂಸು ಎತ್ತಿದವರು, ಗಾಲಿ ಕುರ್ಚಿಯಲ್ಲಿದ್ದ ಒಬ್ಬರು, ಎಲ್ಲರೂ ಗೋಡೆಗೆ ಒತ್ತಿ ನಿಂತೆವು. ಕಪ್ಪು ಕನ್ನಡಕ ಹಾಕಿಕೊಂಡ ನನ್ನನ್ನು ಕಂಡು ಒಬ್ಬ ಹುಡುಗ ಮೊಬೈಲ್ ಎತ್ತಿದ. ಹತ್ತಿರ ಬಂದು ಮುಖ ನೋಡಿ ಇಳಿಸಿದ. ಅವನ ಮುಖದಲ್ಲಿ ಕಂಡ ನಿರಾಸೆಯನ್ನು ನಾನು ಈವರೆಗೆ ಯಾರಿಗೂ ಉಂಟುಮಾಡಿಲ್ಲ, ನನ್ನ ಹೆಂಡತಿಗೂ. ಹೊರಗೆ ಕಾಯುತ್ತಿದ್ದ ನಮ್ಮೂರ ಡ್ರೈವರ್ ತಮ್ಮ, ಬಿಸಿಲಲ್ಲಿ ಬೆಂದವನು, ಸಿಟ್ಟು ಮಾಡಲಿಲ್ಲ. "ಅಣ್ಣಾ, ಕಂಡ್ರೇನ್ರಿ? ಹತ್ರದಿಂದ ಕಂಡ್ರಾ?" ಎಂದ.

ಮರುದಿನ ಹೊಲದಲ್ಲಿ ಭಜ್ಜಿ, ಸಜ್ಜೆ ರೊಟ್ಟಿ, ಅಂಬಲಿ. ಔರಾದ ಕಡೆಯಿಂದ ಅತ್ತೆಯವರೂ ಬಂದಿದ್ದರು.

"ಅಳಿಯಾರು ಇಮಾನದಾಗ ಬಂದ್ರೇನ್ರಿ?"

"ಹೈದ್ರಾಬಾದ್ ತನಕರಿ ಅತ್ತಿ. ಅಲ್ಲಿಂದ ಕಾರು."

"ನಮ್ ಬೀದರ್‌ದಾಗೂ ಇಮಾನ ಅದ ಅಂತಿದ್ರಲ್ಲ?"

"ಇತ್ತರಿ. ಹೋದ ತಿಂಗಳೇ ಬಂದ್ ಆಗ್ಯಾದ."

"ಯಾಕ್ರಿ, ಅದಕ್ಕೇನ್ ಜಡ್ಡಾಗ್ಯಾದ?"

ಜಡ್ಡಿನ ಹೆಸರು ಹೇಳಲು ಹೋದೆ. ಉಡಾನ್ ಎಂದರೆ ಹವಾಯಿ ಚಪ್ಪಲಿಯವರೂ ವಿಮಾನ ಹತ್ತಲಿ ಎಂಬ ಯೋಜನೆ, ಒಂದು ತಾಸಿನ ಹಾರಾಟಕ್ಕೆ ಸುಮಾರು 2,500 ರೂಪಾಯಿ ದರದಲ್ಲಿ ಕೆಲವು ಸೀಟು ಮೀಸಲಿಡಬೇಕು, ಕೊರತೆಯನ್ನು ಮೂರು ವರ್ಷ ಸರ್ಕಾರ ತುಂಬಿಕೊಡುತ್ತದೆ, ಅಷ್ಟರೊಳಗೆ ದಾರಿ ತನ್ನ ಕಾಲ ಮೇಲೆ ನಿಲ್ಲಬೇಕು ಎಂದೆಲ್ಲ ವಿವರಿಸಿದೆ. ಅತ್ತೆಯವರು ಕೇಳಿ, ನನ್ನ ತಟ್ಟೆಗೆ ಇನ್ನೊಂದು ಸೌಟು ಭಜ್ಜಿ ಬಡಿಸಿ, "ದಿನಾ ಬರ್ತದಂತ ನಂಬಿಕಿ ಇದ್ರ ಅಲ್ಲೇನ್ರಿ ಮಂದಿ ಹತ್ತೋದು?" ಎಂದರು. ಸಾಹೇಬರೇ, ವಿಮಾನಯಾನ ಇಲಾಖೆ ನಮ್ಮ ಅತ್ತೆಯವರನ್ನು ಸಲಹೆಗಾರರಾಗಿ ನೇಮಿಸಿಕೊಂಡರೆ ನನ್ನ ಅಭ್ಯಂತರವಿಲ್ಲ. ಮನೆಯಲ್ಲಿ ಶಾಂತಿ ಹೆಚ್ಚಿದರೂ ಹೆಚ್ಚೀತು.

ಆ ವಾರದ್ದೇ ಇನ್ನೊಂದು ಸುದ್ದಿ. ಜನವರಿ 8, ನಟ ಯಶ್ ಅವರ ಹುಟ್ಟುಹಬ್ಬ. ಗದಗ ಜಿಲ್ಲೆಯ ಸೂರಣಗಿಯಲ್ಲಿ ಕಟೌಟ್ ನಿಲ್ಲಿಸುತ್ತಿದ್ದ ಮೂವರು ಹುಡುಗರು ವಿದ್ಯುತ್ ತಗುಲಿ ತೀರಿಕೊಂಡರು. ಯಶ್ ಆ ಊರಿಗೇ ಹೋಗಿ, ಇಂಥ ಅಭಿಮಾನ ನನಗೆ ಬೇಡ ಎಂಬ ಅರ್ಥದಲ್ಲಿ ಬೇಡಿಕೊಂಡರು. ಅದೇ ವರ್ಷ ಡಿಸೆಂಬರ್ 4ರ ರಾತ್ರಿ ಹೈದರಾಬಾದಿನ ಸಂಧ್ಯಾ ಥಿಯೇಟರಿನಲ್ಲಿ ಹೀರೋ ಬಂದರೆಂದು ನೂಕುನುಗ್ಗಲು, ಒಬ್ಬ ತಾಯಿ ಹೋದರು. 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಬಾಗಿಲಲ್ಲಿ, ಕಪ್ ಗೆದ್ದವರನ್ನು ನೋಡಲು ಹೋದ 11 ಮಂದಿ. ಇವುಗಳ ಬಗ್ಗೆ ವ್ಯಂಗ್ಯ ಬರೆಯಲು ನನ್ನ ಕೈ ಬರುವುದಿಲ್ಲ. ಒಂದು ಮಾತು ಮಾತ್ರ: ಈ ಮೂರೂ ಕಡೆ ಹೋದವರು ಏನನ್ನೂ ಕೇಳಲು ಹೋದವರಲ್ಲ, ಮೆರೆಸಲು, ನೋಡಲು ಹೋದವರು. ರಸ್ತೆ ಕೇಳಲು, ರೈಲು ಕೇಳಲು, ತಮ್ಮ ಟೈಮ್‌ಟೇಬಲ್ ಕೇಳಲು ಅಷ್ಟು ಜನ ಎಂದಾದರೂ ಸೇರಿದ್ದರೆ ಔರಾದಿಗೆ ಇಷ್ಟೊತ್ತಿಗೆ ರೈಲು ಬರುತ್ತಿತ್ತು. ಈಗಲೂ ಆ ತಾಲ್ಲೂಕು ಕೇಂದ್ರದಲ್ಲಿ ಸ್ಟೇಷನ್ ಇಲ್ಲ. ರೈಲು ಬೇಕಾದರೆ ಭಾಲ್ಕಿಗೋ ಕಮಲನಗರಕ್ಕೋ ಬೀದರಿಗೋ ಹೋಗಬೇಕು.

ಹೀಗಾಗಿ ನನ್ನದೊಂದು ವಿನಂತಿ. ತಾವು ದಯವಿಟ್ಟು ಹೀರೋಗಿರಿಯಿಂದ ನಿವೃತ್ತರಾಗಿ, ನಮ್ಮ ಕಲ್ಯಾಣ ಕರ್ನಾಟಕ ಸಾರಿಗೆಯ ಬಸ್ಸಿನ ಹತ್ತಿರ ಸ್ವಲ್ಪ ದಿನ ಶಿಷ್ಯವೃತ್ತಿ ಮಾಡಬೇಕು. ಆ ಬಸ್ಸಿಗೆ ಆಯುಧಪೂಜೆ ಬಿಟ್ಟರೆ ಬೇರೆ ದಿನ ಹೂವಿಲ್ಲ. ಅದರ ಜೊತೆ ಯಾರೂ ಸೆಲ್ಫಿ ತೆಗೆಯುವುದಿಲ್ಲ. ಕಿಟಕಿ ಗಾಜು ಅಲ್ಲಾಡುತ್ತದೆ, ಕಂಡಕ್ಟರ್ ಚಿಲ್ಲರೆಗೆ ಬೈಯುತ್ತಾನೆ. ಆದರೆ ಸಂತಪುರದ ಕ್ರಾಸಿನಲ್ಲಿ ಟವೆಲ್ ಹಾಸಿ ಕುಂತ ಮುತ್ಯಾನಿಗೆ ಅದು ಬರುತ್ತದೆಂಬ ಬಗ್ಗೆ ಅನುಮಾನವಿಲ್ಲ. ಒಂದು ತಪ್ಪಿದರೆ ಇನ್ನೊಂದು. ಬಸ್ಸು ಹೋದಾಗ ಅವನು ಬೈಯುತ್ತಾನೆ. ತಾವು ಹೋದಾಗ ನಮ್ಮಲ್ಲಿ ಯಾರೂ ಬೈಯಲೂ ಇಲ್ಲ ನೋಡಿ. ಬೈಗುಳಕ್ಕೂ ಒಂದು ಹಕ್ಕಿನ ಭಾವನೆ ಬೇಕಾಗುತ್ತದೆ.

ನಾಲ್ಕನೇ ಸಲ ಬರುವ ಪ್ರಸಂಗವೇ ಬಾರದಿರಲಿ, ಈಗ ಬಂದವರು ನಿಲ್ಲಿ. ಅಕಸ್ಮಾತ್ ಹೋಗಿ ಮತ್ತೆ ಬಂದರೆ ಸುದ್ದಿ ಮಾಡದೆ ಬನ್ನಿ. ಮಂತ್ರಿಗಳಿಗೆ ತಿಳಿಸಬೇಡಿ, ಟಿವಿಯವರಿಗಂತೂ ಬೇಡವೇ ಬೇಡ. ಒಂದು ಮಂಗಳವಾರವೋ ಬುಧವಾರವೋ ಸುಮ್ಮನೆ ಇಳಿದು, ಹತ್ತಿದಷ್ಟು ಜನರನ್ನು ಹತ್ತಿಸಿಕೊಂಡು, ಮರುದಿನ ಅದೇ ಹೊತ್ತಿಗೆ ಮತ್ತೆ ಇಳಿಯಿರಿ. ಸೋಯಾ, ತೊಗರಿ ಮಾರಲು ಹೋಗುವವರು, ಹೈಕೋರ್ಟಿಗೆ ಅಲೆಯುವವರು, ಕಿಡ್ನಿ ತೋರಿಸಲು ಹೋಗುವವರು, ಬೆಂಗಳೂರಿನಲ್ಲಿ ಕಂಪ್ಯೂಟರ್ ಕುಟ್ಟುವ ನಮ್ಮ ಮಕ್ಕಳು, ಇವರೆಲ್ಲ ತಮ್ಮ ಅಭಿಮಾನಿಗಳಲ್ಲ, ಗಿರಾಕಿಗಳು. ಶಿಳ್ಳೆ ಹೊಡೆಯುವುದಿಲ್ಲ, ಟಿಕೆಟ್ ತೆಗೆಯುತ್ತಾರೆ.

ನಾನು ಮಾತ್ರ ಬರುವ ಎಳ್ಳಮಾವಾಸ್ಯೆಗೂ ಹೈದರಾಬಾದಿಗೇ ಟಿಕೆಟ್ ಮಾಡಿಸಿದ್ದೇನೆ. ಬೇಜಾರು ಮಾಡಿಕೊಳ್ಳಬೇಡಿ. ಜಹೀರಾಬಾದಿನಲ್ಲಿ ಚಹಾ ಚೆನ್ನಾಗಿರುತ್ತದೆ.

ಇಂತಿ ತಮ್ಮ,
ಭಾಲ್ಕಿ ಕಡೆಯ ದುಬೈ ಅಭಿಮಾನಿ

ತಾ.ಕ.: ಬರುವಾಗ ತಂದ ಖರ್ಜೂರ ಎಲ್ಲ ಕಡೆ ದಾಟಿತು. ಹೋಗುವಾಗ ಅತ್ತೆಯವರು ಡಬ್ಬಿಯಲ್ಲಿ ಕಟ್ಟಿಕೊಟ್ಟ ಭಜ್ಜಿಯನ್ನು ಕೈಚೀಲದಲ್ಲಿ ಇಟ್ಟುಕೊಂಡಿದ್ದೆ. ತಪಾಸಣೆಯವರು ಅಲ್ಲಾಡಿಸಿ ನೋಡಿ, 100 ಎಂ.ಎಲ್.ಗಿಂತ ಹೆಚ್ಚಿನ ದ್ರವ ಎಂದು ತೀರ್ಪು ಕೊಟ್ಟರು. ಭಜ್ಜಿ ದ್ರವವಲ್ಲ, ಚಮಚ ನೆಟ್ಟರೆ ನಿಲ್ಲುತ್ತದೆ ಎಂದು ವಾದಿಸಿದೆ. ಬೀದರ ಟರ್ಮಿನಲ್ಲಿನಲ್ಲಿ ಈ ಬಗ್ಗೆ ಏನು ನಿಯಮ ಪಾಲಿಸುತ್ತೀರಿ, ದಯವಿಟ್ಟು ತಿಳಿಸಿ. ಅತ್ತೆಯವರು ಪ್ರತಿ ಫೋನಿನಲ್ಲೂ ಕೇಳುತ್ತಿದ್ದಾರೆ.