ಫೋಲ್ಡರಾಭಾವ ಮೀಮಾಂಸೆ

ಶಾಸ್ತ್ರಗ್ರಂಥ ಬರೆಯಹೊರಟವನು ಮೊದಲು ಅನುಬಂಧ ಚತುಷ್ಟಯವನ್ನು ಹೇಳಿಬಿಡಬೇಕೆಂಬುದು ಹಿರಿಯರ ಕಟ್ಟಳೆ. ಹೇಳಿಬಿಡುತ್ತೇವೆ. ಈ ಗ್ರಂಥದ ವಿಷಯ, ಆಫೀಸಿನ ಶೇರ್ಡ್ ಫೋಲ್ಡರು. ಪ್ರಯೋಜನ, ಅದು ತೆರೆಯುವುದು. ಸಂಬಂಧ, ಒಂದು ನೀಲಿ ಕೇಬಲ್ಲು ಮತ್ತು ಕ್ಲಿಪ್ಪು ಮುರಿದ ಅದರ ಕನೆಕ್ಟರು. ಇನ್ನು ಅಧಿಕಾರಿ, ಅಂದರೆ ಇದರೊಳಗೆ ಕಾಲಿಡಲು ಅರ್ಹನಾದವನು ಯಾರು ಎಂಬಲ್ಲಿ ಮಾತ್ರ ತೊಡಕಿದೆ. ವಿಂಡೋಸ್‌ಗೂ ಅಲ್ಲೇ ತೊಡಕಾಗುವುದರಿಂದ ಅದನ್ನು ಮುಂದೆ ಸಾವಕಾಶವಾಗಿ ವಿಚಾರಿಸೋಣ.

ನೈಯಾಯಿಕರಿಗೆ ಒಂದು ಭೂತಲವಿಲ್ಲದೆ ಮಾತೇ ಹೊರಡುವುದಿಲ್ಲ. ನಮ್ಮ ಭೂತಲ ಬೆಂಗಳೂರಿನ ಪೇಟೆಯೊಳಗಿನ ಒಂದು ಆಡಿಟರ್ ಆಫೀಸು. ಎಂಟು ಕಂಪ್ಯೂಟರು, ಮೂಲೆಯಲ್ಲಿ ‘ಸರ್ವರ್’ ಎಂಬ ಬಿರುದು ಹೊತ್ತ ಒಂಬತ್ತನೆಯದು. ಬಿರುದು ದೊಡ್ಡದಾದರೂ ಒಳಗಿರುವುದು ವಿಂಡೋಸ್ 11 ಪ್ರೊ; ‘ಯಾರೂ ಆಫ್ ಮಾಡಬಾರದು’ ಎಂಬ ಚೀಟಿಯೇ ಅದರ ಕಿರೀಟ. ಟ್ಯಾಲಿ ಡೇಟಾ, ಪಾರ್ಟಿಗಳ ಬ್ಯಾಲೆನ್ಸ್ ಶೀಟು, ಯಾರದೋ ಮಗನ ನಾಮಕರಣದ ಫೋಟೋ, ಎಲ್ಲ ಅದರಲ್ಲೇ.

ಗುರುಪರಂಪರೆಯನ್ನೂ ನೆನೆಯಬೇಕು. ಒಂದು ಯಂತ್ರದ ಕಡತವನ್ನು ಇನ್ನೊಂದು ಯಂತ್ರ ತನ್ನದೇ ಎಂಬಂತೆ ತೆರೆಯುವ ಎಸ್‌ಎಂಬಿ ವಿದ್ಯೆ 1980ರ ದಶಕದ ಆರಂಭದಲ್ಲಿ ಐಬಿಎಂನ ಬ್ಯಾರಿ ಫೀಗನ್‌ಬಾಮ್ ಅವರಿಂದ ಪ್ರವರ್ತಿತವಾಯಿತು. ಮೈಕ್ರೋಸಾಫ್ಟ್ ಅದನ್ನು ಬೆಳೆಸಿ, 1992ರ ವಿಂಡೋಸ್ ಫಾರ್ ವರ್ಕ್‌ಗ್ರೂಪ್ಸ್ ಮೂಲಕ ಸಣ್ಣಪುಟ್ಟ ಆಫೀಸುಗಳಿಗೂ ದೀಕ್ಷೆ ಕೊಟ್ಟಿತು. ಆಗ ಯಂತ್ರಗಳು ಒಂದನ್ನೊಂದು ನಂಬುತ್ತಿದ್ದವು. ನಂಬಿಕೆ ಕೆಟ್ಟ ಕಥೆ ಪ್ರಧ್ವಂಸ ಪ್ರಕರಣದಲ್ಲಿದೆ.

ಈಗ ಪೀಠಿಕೆ ಸಾಕು. ತಿಂಗಳ 18ನೇ ತಾರೀಖು ಬೆಳಿಗ್ಗೆ ಅಕೌಂಟೆಂಟ್ ಮೇಡಂ, ವಾರ್ಷಿಕ ಗುತ್ತಿಗೆಯ ಮೇಲೆ ಕಂಪ್ಯೂಟರು ನೋಡಿಕೊಳ್ಳುವ ಎಎಂಸಿ ಹುಡುಗನಿಗೆ ಫೋನು ಮಾಡಿ ಉಚ್ಚರಿಸುವ ಮೂಲಸೂತ್ರ ಇದು: “ಶೇರಿಂಗ್ ಬರ್ತಿಲ್ಲಪ್ಪ.”

ಅಭಾವ ಎಂದರೆ ಯಾವುದೋ ಒಂದರ ಅಭಾವ, ಎಲ್ಲೋ ಒಂದು ಕಡೆ ಅಭಾವ. ಇಲ್ಲದಿರುವ ವಸ್ತುವಿಗೆ ಪ್ರತಿಯೋಗಿ ಎಂದೂ, ಅದು ಇಲ್ಲದಿರುವ ಜಾಗಕ್ಕೆ ಅಧಿಕರಣ ಎಂದೂ ಶಾಸ್ತ್ರದಲ್ಲಿ ಹೆಸರು. ಮೇಡಂ ಅವರ ಸೂತ್ರದಲ್ಲಿ ಎರಡೂ ಲುಪ್ತ. ಎಎಂಸಿ ಹುಡುಗ ನ್ಯಾಯಶಾಸ್ತ್ರದ ಮುಖ ಕಂಡವನಲ್ಲ, ಆದರೂ ನೇರವಾಗಿ ಅಲ್ಲಿಗೇ ಬರುತ್ತಾನೆ.

“ಎಲ್ಲಾ ಸಿಸ್ಟಮ್ಮಲ್ಲೂ ಬರ್ತಿಲ್ವಾ ಮೇಡಂ, ಇಲ್ಲ ನಿಮ್ದ್ರಲ್ಲಿ ಮಾತ್ರನಾ?”

ಇದು ಅಧಿಕರಣ ಶೋಧನೆ. ಒಂದರಲ್ಲಿ ಮಾತ್ರವಾದರೆ ದೋಷ ಆ ಒಂದರಲ್ಲಿ. ಎಂಟರಲ್ಲೂ ಆದರೆ ಮೂಲೆಯಲ್ಲಿ, ಇಲ್ಲವೇ ನಡುವಿನ ಸ್ವಿಚ್ಚಿನಲ್ಲಿ. ಅರ್ಧ ರೋಗ ಈ ಪ್ರಶ್ನೆಗೇ ಬಗ್ಗುತ್ತದೆ. ಉತ್ತರ ಸಿಕ್ಕಿದರೆ.

“ಅದೆಲ್ಲ ನಂಗೊತ್ತಿಲ್ಲ. ನಿನ್ನೆ ಬರ್ತಿತ್ತು.”

‘ನಿನ್ನೆ ಬರ್ತಿತ್ತು’ ಎಂಬುದು ಸ್ಮೃತಿ. ನೈಯಾಯಿಕರು ಸ್ಮೃತಿಯನ್ನು ಪ್ರಮಾಣವೆಂದು ಒಪ್ಪುವುದಿಲ್ಲ. ಎಎಂಸಿ ಕಂಪನಿಗಳೂ ಒಪ್ಪುವುದಿಲ್ಲ.

ಇಲ್ಲಿ ಒಂದು ಸೂಕ್ಷ್ಮವಿದೆ. ಫೋಲ್ಡರು ಕಾಣುತ್ತಿಲ್ಲ ಎಂಬುದರಿಂದ ಅದು ಇಲ್ಲ ಎಂದು ಸಾಧಿಸಬಹುದೇ? ಕತ್ತಲೆ ಕೋಣೆಯಲ್ಲಿ ಮಡಕೆ ಕಾಣದಿದ್ದರೆ ಮಡಕೆ ಇಲ್ಲವೆನ್ನಲಾಗದು. ಇದ್ದಿದ್ದರೆ ಕಾಣಲೇಬೇಕಿತ್ತು ಎಂಬಂಥ ಬೆಳಕಿದ್ದಾಗ ಕಾಣದಿರುವುದಕ್ಕಷ್ಟೇ ಬೆಲೆ. ಯೋಗ್ಯಾನುಪಲಬ್ಧಿ ಎಂದು ಇದರ ಹೆಸರು. ಮೇಡಂ ಇಣುಕಿ ನೋಡುವ ‘ನೆಟ್‌ವರ್ಕ್’ ಎಂಬ ಕಿಟಕಿ ಇಂಥ ಕತ್ತಲೆ ಕೋಣೆ. ಅದರಲ್ಲಿ ಯಂತ್ರಗಳು ಕಾಣಬೇಕಾದರೆ ನೆಟ್‌ವರ್ಕ್ ಡಿಸ್ಕವರಿ ಆನ್ ಇರಬೇಕು, ಮೂಲೆಯ ಯಂತ್ರದಲ್ಲಿ ಫಂಕ್ಷನ್ ಡಿಸ್ಕವರಿ ರಿಸೋರ್ಸ್ ಪಬ್ಲಿಕೇಷನ್ ಎಂಬ ಉದ್ದ ಹೆಸರಿನ ಸೇವಕ ಎದ್ದು ಕೂತು ‘ನಾನಿದ್ದೇನೆ’ ಎಂದು ಕೂಗುತ್ತಿರಬೇಕು, ಕನೆಕ್ಷನ್ನು ‘ಪಬ್ಲಿಕ್’ ಆಗಿರದೆ ‘ಪ್ರೈವೇಟ್’ ಆಗಿರಬೇಕು. ಹೊಸ ರೌಟರ್ ಹಾಕಿದ ದಿನ ವಿಂಡೋಸ್ ಅದನ್ನು ಬಸ್‌ಸ್ಟ್ಯಾಂಡಿನ ವೈಫೈ ಎಂದು ಭಾವಿಸಿ ‘ಪಬ್ಲಿಕ್’ ಮಾಡಿಟ್ಟಿರುತ್ತದೆ. ಹೆಸರಿನ ಕೊನೆಗೆ ಡಾಲರ್ ಚಿಹ್ನೆಯಿಟ್ಟ ಶೇರ್ ಅಂತೂ ಎಂಥ ಬೆಳಕಿನಲ್ಲೂ ಕಾಣದು, ಬೇಕೆಂದೇ ಕಾಣದು. ಆದ್ದರಿಂದ ಇಣುಕಬಾರದು, ಹೆಸರು ಹಿಡಿದು ಕರೆಯಬೇಕು.

“ಮೇಲ್ಗಡೆ ಅಡ್ರೆಸ್ ಬಾರಲ್ಲಿ ಎರಡು ಉಲ್ಟಾ ಸ್ಲ್ಯಾಶ್ ಹಾಕಿ ಮೇಡಂ. ಎಂಟರ್ ಮೇಲಿರೋದು. ಆಮೇಲೆ ಸರ್ವರ್ ಹೆಸರು.”

“ಹೆಸರೇನು?”

ಹೆಸರು ಡೆಸ್ಕ್‌ಟಾಪ್, ಒಂದು ಅಡ್ಡಗೆರೆ, ಆಮೇಲೆ ಅರ್ಥವಿಲ್ಲದ ಏಳು ಅಕ್ಷರ. ವಿಂಡೋಸ್ ತಾನೇ ಇಟ್ಟದ್ದು. ಎಣಿಸಿದರೆ ಸರಿಯಾಗಿ 15; ನೆಟ್‌ಬಯೋಸ್ ಎಂಬ ಹಳೇ ಛಂದಸ್ಸು ಒಂದು ಯಂತ್ರದ ಹೆಸರಿಗೆ ಅಷ್ಟೇ ಅಕ್ಷರ ಬಿಟ್ಟುಕೊಡುತ್ತದೆ. ಯಂತ್ರ ತಂದ ದಿನವೇ ಹೆಸರು ಬದಲಿಸಿ ‘ಸರ್ವರ್’ ಎಂದಿಟ್ಟಿದ್ದರೆ ಈ ಫೋನು ಕರೆ ಅರ್ಧ ಗಂಟೆ ಗಿಡ್ಡವಾಗುತ್ತಿತ್ತು ಎಂಬುದು ಪ್ರಬಂಧಕಾರರ ಸ್ವಂತ ಮತ.

ಇನ್ನು ಪಿಂಗ್. ‘ಪಿಂಗ್ ಆಗ್ತಿದೆ, ಆದ್ದರಿಂದ ಶೇರಿಂಗ್ ಇದೆ’ ಎಂಬ ಅನುಮಾನ ಶುದ್ಧ ಹೇತ್ವಾಭಾಸ. ಪಿಂಗ್ ಓಗೊಟ್ಟರೂ ಎಸ್‌ಎಂಬಿ ಕೂತಿರುವ 445ನೇ ಪೋರ್ಟಿನ ಬಾಗಿಲು ಮುಚ್ಚಿರಬಹುದು. ಪಿಂಗ್ ಓಗೊಡದಿದ್ದರೂ ತೆರೆದಿರಬಹುದು, ಫೈರ್‌ವಾಲ್ ಪಿಂಗನ್ನಷ್ಟೇ ತಡೆದಿರಬಹುದು. ಪವರ್‌ಶೆಲ್‌ನಲ್ಲಿ ಟೆಸ್ಟ್-ನೆಟ್‌ಕನೆಕ್ಷನ್ ಕೊಟ್ಟು ಆ 445ನ್ನೇ ತಟ್ಟಿ ನೋಡುವುದು ಸದ್ಧೇತು.

ಬಾಗಿಲು ತೆರೆಯದಿದ್ದಾಗ ತೆರೆಯ ಮೇಲೆ ಮೂಡುವ ಶಾಸನಗಳ ಅಧ್ಯಯನ ನಮ್ಮಲ್ಲಿ ಆಗಬೇಕಾದಷ್ಟು ಆಗಿಲ್ಲ. ಹೆಚ್ಚಾಗಿ ಸಿಗುವುದು 80070035. ಮೊದಲ 8 ವೈಫಲ್ಯದ ಮುದ್ರೆ. ನಡುವಿನ 7 ಗೋತ್ರಸೂಚಕ, ವಿನ್ 32 ಗೋತ್ರ. ಉಳಿದ 35 ಹದಿನಾರರ ಲೆಕ್ಕದಲ್ಲಿದೆ: ಮೂರು ಹದಿನಾರಲಿ ನಲವತ್ತೆಂಟು, ಅದಕ್ಕೆ ಐದು, ಒಟ್ಟು 53. ಕಪ್ಪು ಪರದೆಯಲ್ಲಿ ನೆಟ್ ಯೂಸ್ ಕೊಟ್ಟರೆ ಇದೇ ದೋಷ ‘ಸಿಸ್ಟಮ್ ಎರರ್ 53’ ಎಂದು ಬರುತ್ತದೆ. ಎರಡೂ ಒಂದೇ ಪಠ್ಯದ ಪಾಠಾಂತರಗಳೆಂಬುದು ಇದರಿಂದ ಸಿದ್ಧ. 53 ಎಂದರೆ ಊರಿನ ದಾರಿಯೇ ಸಿಗಲಿಲ್ಲ. 80070043 ಬಂದರೆ ಅದು 67: ಊರು ಸಿಕ್ಕಿತು, ಆ ಹೆಸರಿನ ಮನೆ ಸಿಗಲಿಲ್ಲ. 80070005 ಬಂದರೆ ಮನೆಯೂ ಸಿಕ್ಕಿತು, ಒಳಗೆ ಬಿಡಲಿಲ್ಲ. ಇಷ್ಟು ತಿಳಿದವನು ಮೂರು ಬೇರೆ ಬೇರೆ ರೋಗಕ್ಕೆ ಒಂದೇ ಮಾತ್ರೆ ಕೊಡಲಾರ. 80004005 ಎಂಬ ಇನ್ನೊಂದಿದೆ. ಅದರ ಗೋತ್ರದ ಸ್ಥಾನದಲ್ಲಿ ಸೊನ್ನೆ. ಅರ್ಥದ ಸ್ಥಾನದಲ್ಲಿ ‘ಅನ್‌ಸ್ಪೆಸಿಫೈಡ್ ಎರರ್’. ಇದೆ ಎನ್ನಲಾಗದ, ಇಲ್ಲ ಎನ್ನಲಾಗದ ಈ ಅನಿರ್ವಚನೀಯವನ್ನು ಅದ್ವೈತಿಗಳಿಗೆ ಬಿಟ್ಟುಕೊಡುತ್ತೇವೆ.

ತರ್ಕಸಂಗ್ರಹದ ಅನ್ನಂಭಟ್ಟ ಅಭಾವ ನಾಲ್ಕು ಬಗೆ ಎನ್ನುತ್ತಾನೆ. ಪ್ರಾಗಭಾವಕ್ಕೆ ಆದಿಯಿಲ್ಲ, ಅಂತ್ಯವುಂಟು: ಮೂಲೆಯ ಯಂತ್ರವನ್ನು ಇನ್ನೂ ಯಾರೂ ಆನ್ ಮಾಡಿಲ್ಲ. ಹತ್ತೂವರೆಗೆ ಅಂತ್ಯ. ಮೌಸು ಮುಟ್ಟುವವರಿಲ್ಲದೆ ಯಂತ್ರ ನಿದ್ದೆಗೆ ಜಾರಿದ್ದನ್ನೂ ಇದರಲ್ಲೇ ಸೇರಿಸಬೇಕೇ ಎಂಬುದು ವಿವಾದಾಸ್ಪದ. ಸ್ಲೀಪ್ ಸೆಟ್ಟಿಂಗನ್ನು ‘ನೆವರ್’ ಮಾಡಿದರೆ ವಿವಾದ ಮುಗಿಯುತ್ತದೆ. ಅತ್ಯಂತಾಭಾವ ಮೂರು ಕಾಲದಲ್ಲೂ ಇಲ್ಲದಿರುವುದು, ವಾಯುವಿನಲ್ಲಿ ಬಣ್ಣವಿಲ್ಲದಂತೆ. ತನ್ನ ಲ್ಯಾಪ್‌ಟಾಪನ್ನು ಮೊಬೈಲ್ ಹಾಟ್‌ಸ್ಪಾಟಿಗೆ ಕಟ್ಟಿಕೊಂಡು ಆಫೀಸಿನ ಫೋಲ್ಡರು ಹುಡುಕುವ, ಆಡಿಟ್ ಕಲಿಯಲು ಬಂದಿರುವ ಆರ್ಟಿಕಲ್ ಹುಡುಗ ಇದಕ್ಕೆ ಉದಾಹರಣೆ.

ಪ್ರಧ್ವಂಸಾಭಾವಕ್ಕೆ ಆದಿಯುಂಟು, ಅಂತ್ಯವಿಲ್ಲ. ಆದಿ ಎಂದರೆ ಅಪ್‌ಡೇಟು. 2017ರ ಮಾರ್ಚಿನಲ್ಲಿ ಮೈಕ್ರೋಸಾಫ್ಟ್ ಎಸ್‌ಎಂಬಿಯ ಮೊದಲ ಆವೃತ್ತಿಯಲ್ಲಿದ್ದ ಒಂದು ತೂತಿಗೆ ತೇಪೆ ಕೊಟ್ಟಿತು. ಹಾಕಿಕೊಳ್ಳದವರ ಮೇಲೆ ಮೇ 12ರಂದು ವಾನಾಕ್ರೈ ಎರಗಿತು. ಯಾರೂ ಕ್ಲಿಕ್ ಮಾಡದೆ ಯಂತ್ರದಿಂದ ಯಂತ್ರಕ್ಕೆ ತಾನೇ ಹಬ್ಬಿ, ಕಡತಗಳಿಗೆ ಬೀಗ ಜಡಿದು ಬಿಟ್‌ಕಾಯಿನ್ ಕೇಳಿತು. ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳ ಕೆಲಸವೇ ಕೆಟ್ಟಿತು. ಆ ವರ್ಷದ ಕೊನೆಗೆ ಬಂದ ವಿಂಡೋಸ್ 10ರ 1709ನೇ ಆವೃತ್ತಿಯಿಂದೀಚೆಗೆ ಹೊಸದಾಗಿ ಹಾಕಿದ ಯಂತ್ರಗಳಲ್ಲಿ ಆ ಹಳೇ ಎಸ್‌ಎಂಬಿ ಇರುವುದಿಲ್ಲ, ಚೂರು ಉಳಿದಿದ್ದರೂ 15 ದಿನ ಬಳಸದಿದ್ದರೆ ತಾನೇ ಕಳಚಿಕೊಳ್ಳುತ್ತದೆ. ನಮ್ಮ ಭೂತಲದಲ್ಲಿ ಇದರ ಪರಿಣಾಮ ಆದದ್ದು ಝೆರಾಕ್ಸ್ ಮೆಷಿನ್ನಿನ ಮೇಲೆ. ಸ್ಕ್ಯಾನ್ ಮಾಡಿದ್ದನ್ನು ನೇರ ಫೋಲ್ಡರಿಗೆ ಕಳಿಸುತ್ತಿದ್ದ ಆ ಮುದಿ ಯಂತ್ರಕ್ಕೆ ಬರುತ್ತಿದ್ದುದು ಹಳೇ ಎಸ್‌ಎಂಬಿ ಒಂದೇ. ವಿಂಡೋಸ್ ಫೀಚರ್ಸ್ ಪಟ್ಟಿಯಲ್ಲಿ ಒಂದು ಟಿಕ್ ಹಾಕಿ ಸತ್ತದ್ದನ್ನು ಎಬ್ಬಿಸಬಹುದು. ಎಬ್ಬಿಸಬಾರದು. ಸ್ಕ್ಯಾನನ್ನು ಮೇಲ್‌ಗೆ ಹೋಗುವಂತೆ ಮಾಡಿ, ಮೆಷಿನ್ನಿನ ಮುಪ್ಪನ್ನು ಆಡಿಟರ್ ಸಾಹೇಬರ ಗಮನಕ್ಕೆ ತರಬೇಕು.

ಅನ್ಯೋನ್ಯಾಭಾವದಲ್ಲಿ ಪ್ರಬಂಧದ ಪ್ರಾಣವಿದೆ. ಘಟವು ಪಟವಲ್ಲ, ಪಟವು ಘಟವಲ್ಲ. ಹಾಗೆಯೇ ಈ ಯಂತ್ರದ ‘ಅಡ್ಮಿನ್’ ಆ ಯಂತ್ರದ ‘ಅಡ್ಮಿನ್’ ಅಲ್ಲ. ಡೊಮೇನ್ ಇಲ್ಲದ ವರ್ಕ್‌ಗ್ರೂಪಿನಲ್ಲಿ ಪ್ರತಿ ಯಂತ್ರವೂ ತನ್ನ ಜನರ ಪಟ್ಟಿಯನ್ನು ತಾನೇ ಇಟ್ಟುಕೊಂಡಿರುತ್ತದೆ; ಪಟ್ಟಿಯಲ್ಲಿ ಹೆಸರಿಗಿಂತ ಎಸ್‌ಐಡಿ ಎಂಬ ಉದ್ದ ಸಂಖ್ಯೆ ಮುಖ್ಯ, ಅದು ಎರಡು ಯಂತ್ರದಲ್ಲಿ ಒಂದೇ ಇರುವುದಿಲ್ಲ. ಮೇಡಂ ಹದಿನಾರು ವರ್ಷ ಅದೇ ಕುರ್ಚಿಯಲ್ಲಿ ಕೂತಿರಲಿ, ಮೂಲೆಯ ಯಂತ್ರಕ್ಕೆ ಅವರು ಯಾರೂ ಅಲ್ಲ.

ಆಗ ಯಂತ್ರ ಯೂಸರ್‌ನೇಮ್, ಪಾಸ್‌ವರ್ಡ್ ಕೇಳುತ್ತದೆ. ಮೇಡಂ ಪಿನ್ ಹಾಕುತ್ತಾರೆ. ದಿನಾ ಬೆಳಿಗ್ಗೆ ಹಾಕುವುದು ಅದನ್ನೇ ತಾನೆ? ಆದರೆ ಪಿನ್ ಹುಟ್ಟಿದ ಯಂತ್ರದ ಹೊಸ್ತಿಲು ದಾಟುವುದಿಲ್ಲ. ನೆಟ್‌ವರ್ಕಿನಾಚೆ ಪಾಸ್‌ವರ್ಡೇ ಬೇಕು. ಪಿನ್ ಬಂದ ದಿನವೇ ಪಾಸ್‌ವರ್ಡ್ ಎಲ್ಲರಿಗೂ ಮರೆತುಹೋಗಿದೆ. ಪಾಸ್‌ವರ್ಡೇ ಇಡದ ಅಕೌಂಟಾದರೆ ಇನ್ನೂ ಕಷ್ಟ: ಖಾಲಿ ಪಾಸ್‌ವರ್ಡಿನವರು ಯಂತ್ರದ ಮುಂದೆ ಕೂತು ಒಳಗೆ ಹೋಗಬಹುದು, ದೂರದಿಂದ ಹೋಗಲು ವಿಂಡೋಸ್ ಬಿಡುವುದಿಲ್ಲ. ‘ಪಾಸ್‌ವರ್ಡ್ ಪ್ರೊಟೆಕ್ಟೆಡ್ ಶೇರಿಂಗ್’ ಆಫ್ ಮಾಡಿ ಅತಿಥಿಯಾಗಿ ನುಗ್ಗುವ ಹಳೇ ಉಪಾಯಕ್ಕೆ 2024ರಲ್ಲಿ ಬಂದ ವಿಂಡೋಸ್ 11ರ 24ಎಚ್2 ಆವೃತ್ತಿ ತಡೆ ಹಾಕಿದೆ. ಪ್ರೊದಲ್ಲೂ ಈಗ ಗೆಸ್ಟ್ ಪ್ರವೇಶವಿಲ್ಲ, ಪ್ರತಿ ಸಂದೇಶಕ್ಕೂ ಸಹಿ ಬೇಕು. ಸಿದ್ಧಾಂತ ಇಷ್ಟೇ: ಮೂಲೆಯ ಯಂತ್ರದಲ್ಲಿ ಪ್ರತಿಯೊಬ್ಬರಿಗೂ ಒಂದು ಲೋಕಲ್ ಅಕೌಂಟ್ ಮಾಡಿ, ಮೊದಲು ಸರ್ವರ್ ಹೆಸರು, ಒಂದು ಉಲ್ಟಾ ಸ್ಲ್ಯಾಶ್, ಆಮೇಲೆ ತಮ್ಮ ಹೆಸರು ಎಂದು ಪ್ರವರ ಹೇಳಿಸಿ ಒಳಗೆ ಬಿಡಬೇಕು.

ಇಷ್ಟಾದರೂ 1219 ಬರಬಹುದು. ಒಬ್ಬರೇ ಒಂದೇ ಹೊತ್ತಿಗೆ ಒಂದೇ ಸರ್ವರಿಗೆ ಎರಡು ಹೆಸರಿನಲ್ಲಿ ಹೋಗಕೂಡದು ಎಂಬ ನಿಷೇಧ ಅದು. ನೆಟ್ ಯೂಸ್‌ನಿಂದ ಹಳೇ ಸಂಬಂಧ ಕಡಿದು, ಕ್ರೆಡೆನ್ಷಿಯಲ್ ಮ್ಯಾನೇಜರಿನಲ್ಲಿ ಕೂತಿರುವ ಹಳೇ ಪಾಸ್‌ವರ್ಡ್ ಅಳಿಸಿದರೆ ಸರಿ. ಅವಸರವಿದ್ದರೆ ಹೆಸರಿನ ಬದಲು ಐಪಿ ವಿಳಾಸ ಹೊಡೆಯಿರಿ. ವಿಂಡೋಸ್ ಅದನ್ನು ಬೇರೆಯೇ ಸರ್ವರ್ ಎಂದು ನಂಬುತ್ತದೆ. ಅಷ್ಟು ಪ್ರವರ ಕೇಳುವ ಯಂತ್ರಕ್ಕೆ ತನ್ನ ಪಕ್ಕದವನೇ ವೇಷ ಬದಲಿಸಿದ್ದು ತಿಳಿಯುವುದಿಲ್ಲ.

ಒಳಗೆ ಹೋದವರಿಗೆ ಎರಡು ಕಾವಲು. ಒಂದು ಶೇರ್ ಪರ್ಮಿಷನ್, ಇನ್ನೊಂದು ಎನ್‌ಟಿಎಫ್‌ಎಸ್ ಪರ್ಮಿಷನ್. ಎರಡರಲ್ಲಿ ಯಾವುದು ಬಿಗಿಯೋ ಅದು ಗೆಲ್ಲುತ್ತದೆ. ಶೇರಿಂಗ್ ಟ್ಯಾಬಿನಲ್ಲಿ ಫುಲ್ ಕಂಟ್ರೋಲ್ ಕೊಟ್ಟು ಸೆಕ್ಯುರಿಟಿ ಟ್ಯಾಬನ್ನು ತೆರೆದೇ ನೋಡದವರ ಗೋಳು ಇಲ್ಲಿಂದಲೇ. ‘ಡಿನೈ’ ಎಂಬುದು ‘ಅಲೋ’ ಎಂಬುದನ್ನು ಬಾಧಿಸುತ್ತದೆ. ಆದರೆ ಮೇಲಿನ ಫೋಲ್ಡರಿನಿಂದ ಇಳಿದು ಬಂದ ಡಿನೈಯನ್ನು ಫೈಲಿಗೇ ನೇರವಾಗಿ ಕೊಟ್ಟ ಅಲೋ ಮೀರುತ್ತದೆ; ಉತ್ಸರ್ಗಕ್ಕಿಂತ ಅಪವಾದ ಬಲವೆಂಬ ವ್ಯಾಕರಣ ನ್ಯಾಯ ಇಲ್ಲಿ ಚಾಚೂ ತಪ್ಪದೆ ನಡೆಯುತ್ತದೆ.

ಪರಿಹಾರ ಮಾರ್ಗದಲ್ಲಿ ಸಂಪ್ರದಾಯಗಳು ಮೂರು. ರೀಸ್ಟಾರ್ಟಿಗಳದು ಹೆಚ್ಚು ಜನಪ್ರಿಯ. ಹಳೇ ಸೆಷನ್ನು ಹರಿದು, ಮಲಗಿದ್ದ ಸೇವಕರು ಏಳುವುದರಿಂದ ಅದು ಎಷ್ಟೋ ಸಲ ಫಲಿಸುತ್ತದೆ, ಏಕೆ ಫಲಿಸಿತೆಂದು ಮಾತ್ರ ಯಾರಿಗೂ ತಿಳಿಯುವುದಿಲ್ಲ. ಎವೆರಿಒನ್ ಮತದವರು ‘ಎವೆರಿಒನ್, ಫುಲ್ ಕಂಟ್ರೋಲ್’ ಕೊಟ್ಟು ಎಲ್ಲ ಭೇದವನ್ನೂ ಅಳಿಸುತ್ತಾರೆ. ಅಭೇದ ಸಿದ್ಧಿಸಿದ ಮರುದಿನ ಒಬ್ಬರ ಮೌಸು ಜಾರಿ ಒಂದು ಪಾರ್ಟಿಯ ಇಡೀ ಫೋಲ್ಡರು ಡಿಲೀಟಾಗುತ್ತದೆ. ನೆಟ್‌ವರ್ಕಿನಲ್ಲಿ ಅಳಿಸಿದ್ದು ರಿಸೈಕಲ್ ಬಿನ್ನಿಗೆ ಹೋಗುವುದಿಲ್ಲವೆಂಬ ಸತ್ಯ ಅವರಿಗೆ ಆಗ ಸಾಕ್ಷಾತ್ಕಾರವಾಗುತ್ತದೆ.

ಮೂರನೆಯವರು ಚಾರ್ವಾಕರು. ಪ್ರತ್ಯಕ್ಷವೊಂದೇ ಪ್ರಮಾಣ, ಕೈಯಲ್ಲಿ ಹಿಡಿಯಬಹುದಾದ ಪೆನ್ ಡ್ರೈವೇ ಪರತತ್ತ್ವ ಎನ್ನುವವರು. ಮೇಡಂ 18ರ ಮಧ್ಯಾಹ್ನವೇ ಈ ಮತಕ್ಕೆ ಸೇರಿದರು. ಎಎಂಸಿ ಹುಡುಗ ಬಂದು 445 ತೆರೆದು, ಅಕೌಂಟ್ ಮಾಡಿ, ಸಹಿ ಹಾಕಿಸಿಕೊಂಡು ಹೋಗುವಷ್ಟರಲ್ಲಿ ಸೇಲ್ಸ್ ರಿಜಿಸ್ಟರ್ ‘ಫೈನಲ್’ ಎಂಬ ಹೆಸರಿನಲ್ಲಿ ಸರ್ವರಿನಲ್ಲೂ, ‘ಫೈನಲ್ ನ್ಯೂ’ ಎಂದು ಪೆನ್ ಡ್ರೈವಿನಲ್ಲೂ, ‘ಫೈನಲ್ ನ್ಯೂ ಕರೆಕ್ಟೆಡ್’ ಎಂದು ಸಾಹೇಬರ ವಾಟ್ಸಾಪಿನಲ್ಲೂ ಇತ್ತು. ಮೂರರ ಮೊತ್ತವೂ ಬೇರೆ. ಮಾತೃಕೆ ಯಾವುದು, ಪ್ರಕ್ಷಿಪ್ತ ಯಾವುದು ಎಂದು ತಾಳೆ ನೋಡುವ ಗ್ರಂಥಸಂಪಾದನೆಯನ್ನು ಆರ್ಟಿಕಲ್ ಹುಡುಗನಿಗೆ ವಹಿಸಲಾಗಿದೆ. ಜಿಎಸ್‌ಟಿಆರ್-3ಬಿಗೆ 20 ಕಡೇ ತಾರೀಖಾದ್ದರಿಂದ ಅವನಿಗೆ ಪೀಠಿಕೆ ಬರೆಯಲು ಅವಕಾಶ ಕೊಟ್ಟಿಲ್ಲ.