ಮಾನ್ಯ ಮಂಗಳವಾರದವರಿಗೊಂದು ಬಹಿರಂಗ ಪತ್ರ

ಮಾನ್ಯ ಮಂಗಳವಾರದವರೇ,

ಹೆಸರಲ್ಲೇ ಮಂಗಳವಿದ್ದರೂ ನಿಮ್ಮ ದಿನ ಯಾರೂ ಶುಭಕಾರ್ಯಕ್ಕೆ ಕೈಹಾಕುವುದಿಲ್ಲ. ಆ ಕಳಂಕ ಕಳೆದದ್ದು ನಮ್ಮ ರಾಜ್ಯ ಸರ್ಕಾರ. ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೆ ಬರುವ ‘ಮನೋಚೈತನ್ಯ’ ಯೋಜನೆಗೆ ನಿಮ್ಮನ್ನೇ ಆರಿಸಿ, ‘ಸೂಪರ್ ಟ್ಯೂಸ್‌ಡೇ’ ಎಂಬ ಬಿರುದನ್ನೂ ಕೊಟ್ಟಿತು. ಅಭಿನಂದನೆಗಳು.

ಒಂದು ಸಣ್ಣ ಅರಿಕೆ. ಬಾರ್ಡರ್‌ಲೈನ್ ವ್ಯಕ್ತಿತ್ವ ದೋಷವಿರುವವರ ಮನಸ್ಸು ಕ್ಯಾಲೆಂಡರ್ ನೋಡುವುದಿಲ್ಲ. ಎಲ್ಲರೂ ಬಿಟ್ಟುಹೋಗುತ್ತಾರೆಂಬ ಭಯ, ತನಗೆ ತಾನೇ ನೋವು ಮಾಡಿಕೊಳ್ಳುವ ತುಡಿತ ಶುಕ್ರವಾರ ರಾತ್ರಿಯೇ ಬಂದು ಕೂರುತ್ತವೆ. ದೋಸೆ ಹಿಟ್ಟಿನಂತೆ ಅವನ್ನು ಹುಳಿಯೇರದ ಹಾಗೆ ನಿಮ್ಮ ತನಕ ಫ್ರಿಜ್ಜಿನಲ್ಲಿಡುವ ಉಪಾಯ ತಿಳಿಸಬೇಕು.

ಇನ್ನು ನಿಮ್ಮ ದಿನ ಆಸ್ಪತ್ರೆಯಲ್ಲಿ ನಿಲ್ಲುವ ಸಾಲು. ಡಾಕ್ಟರ ತಪ್ಪಿಲ್ಲ, ಅವರು ಒಬ್ಬರೇ. ಕಥೆ ಶುರುವಾಗುವಷ್ಟರಲ್ಲಿ ಚೀಟಿ ಬರೆದಾಗಿರುತ್ತದೆ. ಚಿಕಿತ್ಸೆಗೆ ಮಾರ್ಗಸೂಚಿ ಕೊಡುವ ಬ್ರಿಟನ್ನಿನ ನೈಸ್ ಸಂಸ್ಥೆ 2009ರಲ್ಲೇ, ಈ ತೊಂದರೆಗೆಂದೇ ಮಾತ್ರೆ ಬೇಡ, ಮೂರು ತಿಂಗಳಿಗಿಂತ ಚಿಕ್ಕ ಮಾತಿನ ಚಿಕಿತ್ಸೆಯೂ ಬೇಡ ಎಂದಿತ್ತು. ನಾವು ಅವರಿಗಿಂತ ಮುಂದೆ: ಮೂರು ತಿಂಗಳನ್ನು ಮೂರು ನಿಮಿಷಕ್ಕೆ ಇಳಿಸಿದ್ದೇವೆ.

ಅಮೆರಿಕದ ಮಾರ್ಷಾ ಲಿನೆಹನ್ ತಮ್ಮ ಡಿಬಿಟಿ (ಡಯಲೆಕ್ಟಿಕಲ್ ಬಿಹೇವಿಯರ್ ಥೆರಪಿ) ಎಂಬ ಮಾತಿನ ಚಿಕಿತ್ಸೆಯನ್ನು ಇದೇ ತೊಂದರೆಗೆ 1991ರಲ್ಲಿ ಒರೆಗೆ ಹಚ್ಚಿ, ಅದರಿಂದ ಸ್ವಹಾನಿ ತಗ್ಗುತ್ತದೆಂದು ತೋರಿಸಿದರು. ವರ್ಷವಿಡೀ ವಾರಕ್ಕೊಮ್ಮೆ ಎದುರು ಕೂತು ಮಾತು, ವಾರಕ್ಕೊಮ್ಮೆ ಗುಂಪಿನಲ್ಲಿ ಭಾವನೆ ಸಂಭಾಳಿಸುವ ಪಾಠ, ನಡುವೆ ಕಷ್ಟವಾದರೆ ಫೋನು, ಚಿಕಿತ್ಸಕರಿಗೂ ಆಸರೆಯಾಗಿ ಒಂದು ತಂಡ. ಎಂಥ ದುಂದುವೆಚ್ಚ! ನಮ್ಮ ಚಿಕಿತ್ಸೆ ನೋಡಿ: “ಎಲ್ಲಾ ನಾಟಕ”, “ಒಂದು ಮದುವೆ ಮಾಡಿ, ಸರಿಹೋಗುತ್ತೆ.” ಇದಕ್ಕೆ ಟೆಂಡರ್ ಬೇಡ, ತರಬೇತಿ ಬೇಡ, ಪುರಾವೆಯಂತೂ ಬೇಡವೇ ಬೇಡ.

“ತಾಲ್ಲೂಕಿನಲ್ಲಿ ಇದೆಲ್ಲ ಆಗುವ ಮಾತೇ?” ಎಂದು ಕಡತ ಗೊಣಗುತ್ತದೆ. 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲೆಯಲ್ಲಿ ಮಾನಸಿಕ ಆರೋಗ್ಯ ಸೇವೆ ನಡೆಸಿ ತೋರಿಸಿದ್ದೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಆಗಲೂ ಯಾವುದೋ ಕಡತ ಗೊಣಗಿರಬೇಕು.

ಆದ್ದರಿಂದ ನಿಮ್ಮ ಒಡಹುಟ್ಟಿದವರಿಗೆ ಒಂದು ಮಾತು ಹೇಳಿ. ಬುಧವಾರಕ್ಕೆ ಬಾಗಿಲು ಮುಚ್ಚಬಹುದಾದ ಒಂದು ಕೋಣೆ. ಗುರುವಾರಕ್ಕೆ ತರಬೇತಿ ಪಡೆದ ಇಬ್ಬರು ಆಪ್ತಸಮಾಲೋಚಕರು. ಶುಕ್ರವಾರ ರಾತ್ರಿಗೆ ಟೆಲಿ ಮಾನಸ್‌ನ ಸಹಾಯವಾಣಿ 14416 ಇದೆ, ಒಪ್ಪಿದೆ. ಆದರೆ ಫೋನು ಎತ್ತಿದವರಿಗೆ ಹೋದ ವಾರದ ಕಥೆಯೂ ಗೊತ್ತಿದ್ದರೆ ಮತ್ತೆ ಮೊದಲಿಂದ ಅಳುವುದು ತಪ್ಪುತ್ತಿತ್ತು.

ಇತಿ,
ಟೋಕನ್ ಸಂಖ್ಯೆ 73