ಗಾಳಗಾರನೂ ಅಭಿಮಾನಿಯೂ

ಅಮೆರಿಕದಲ್ಲಿ ಬಾಸ್ ಎಂಬ ಸಿಹಿನೀರಿನ ಬೇಟೆಗಾರ ಮೀನನ್ನು ಗಾಳಕ್ಕೆ ಕೆಡಹುವುದೇ ಒಂದು ವೃತ್ತಿಯಾಗಿದ್ದು, 1971ರಲ್ಲಿ ಆರಂಭವಾದ ಬಾಸ್‌ಮಾಸ್ಟರ್ ಕ್ಲಾಸಿಕ್ ಪಂದ್ಯವನ್ನು ನಾಲ್ಕು ಬಾರಿ ಗೆದ್ದ ಕೆವಿನ್ ವ್ಯಾನ್‌ಡ್ಯಾಮ್‌ರಂಥವರನ್ನು, ಅಂಗಿಯ ತುಂಬ ಮೆತ್ತಿಕೊಂಡ ಜಾಹೀರಾತುಗಳ ದೆಸೆಯಿಂದ, ಪೆಟ್ರೋಲ್ ಬಂಕಿನಲ್ಲೂ ಅಭಿಮಾನಿಗಳು ಗುರುತು ಹಿಡಿಯಬಲ್ಲರು. ಹೇಮಾವತಿ ನದಿ ಹರಿಯುವ ಬಣಕಲ್ ಸೀಮೆಯಲ್ಲಿ ಸಾಹಿತಿಯ ಅಭಿಮಾನಿಗೆ ಈ ಸೌಕರ್ಯವಿರಲಿಲ್ಲ. ಅಲ್ಲಿಗೆ ಸಮೀಪದ ಮೂಡಿಗೆರೆಯಲ್ಲಿ ನೆಲೆಸಿದ್ದ ಪೂರ್ಣಚಂದ್ರ ತೇಜಸ್ವಿಯವರು (1938–2007) ಕಾಫಿ ಬೆಳೆಗಾರರೂ ಕಾದಂಬರಿಕಾರರೂ ಆಗಿದ್ದರೂ, ಮೀನು ಶಿಕಾರಿಯಲ್ಲಿ, ಅಂದರೆ ದಡದಲ್ಲಿ ಗಾಳವಿಳಿಸಿ ಗಂಟೆಗಟ್ಟಲೆ ತೆಪ್ಪಗಿರುವ ವಿದ್ಯೆಯಲ್ಲಿ, ಯಾವ ವೃತ್ತಿಪರನಿಗೂ ಕಡಿಮೆಯಿಲ್ಲದ ಶ್ರದ್ಧೆಯುಳ್ಳವರಾಗಿದ್ದರು. ಈ ವಿದ್ಯೆಗೂ ಅಭಿಮಾನಕ್ಕೂ ಹುಟ್ಟುವೈರ. ಏಕೆಂದರೆ ಅಭಿಮಾನವು ಹತ್ತಿರ ಬಾರದೆ ಪ್ರಕಟವಾಗದು, ಪಾದ ನಮಸ್ಕಾರಕ್ಕೆಂದು ದಡದ ಮೇಲೆ ಧಡಧಡ ನಡೆದು ಬಂದರೆ, ಮೀನು ನಿಲ್ಲದು. ಅದಕ್ಕೆ ಸಾಹಿತ್ಯದ ಗಂಧವಿಲ್ಲ, ಪಾಪ.